ದೊಡ್ಡಮ್ಮ ಅಂತ ಕರೀಲಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಸಂಜೆ ಏಳೂವರೆ. ಸಾರಿಗೆ ಇನ್ನೂ ಒಗ್ಗರಣೆ ಬಿದ್ದಿರಲಿಲ್ಲ. 9 ವರ್ಷದ ಹುಡುಗಿಯೊಬ್ಬಳು ತೊಳೆದ ತಟ್ಟೆಯನ್ನು ಎದೆಗೆ ಅವುಚಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಯಾರೂ ಕರೆದಿರಲಿಲ್ಲ. "ಯಾಕಮ್ಮ, ಹಸಿವಾಯ್ತಾ?" ಅಂತ ಮನೆಯಾಕೆ ಕೇಳಿದರೆ ಇಲ್ಲ ಅಂತ ತಲೆ ಅಲ್ಲಾಡಿಸಿದಳಂತೆ. ಹಸಿವಲ್ಲ, ಟೈಮಾಯಿತು, ಅಷ್ಟೆ. ಅವಳು ಅಲ್ಲಿಯವರೆಗೆ ಇದ್ದದ್ದು ಬಾಲಮಂದಿರದಲ್ಲಿ, ಅಂದರೆ ಆಸರೆಯಿಲ್ಲದ ಮಕ್ಕಳನ್ನು ಸರ್ಕಾರ ಇಟ್ಟು ನೋಡಿಕೊಳ್ಳುವ ಕಡೆ. ಅಲ್ಲಿ ಏಳೂವರೆಗೆ ಗಂಟೆ ಹೊಡೆಯುತ್ತಿತ್ತು, ತಟ್ಟೆ ತಗೊಂಡು ಸಾಲಿನಲ್ಲಿ ನಿಲ್ಲಬೇಕಿತ್ತು. ಈ ಮನೆಯಲ್ಲಿ ಗಂಟೆ ಇಲ್ಲ, ಸಾಲೂ ಇಲ್ಲ. ಅವಳೊಬ್ಬಳೇ ಸಾಲಾಗಿ ನಿಂತಿದ್ದಳು.

ನಾನು ಬಹಳ ವರ್ಷ ಇಂಥ ಮಕ್ಕಳ ಜೊತೆ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡಿದವಳು. ಈ ಹುಡುಗಿಯ ಹೆಸರನ್ನಾಗಲಿ, ಊರನ್ನಾಗಲಿ ನಾನು ಹೇಳುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಅದನ್ನು ಹೇಳಬಾರದು ಅನ್ನುತ್ತದೆ. ಒಳ್ಳೆಯ ಕಲಂ ಅದು. ಅವಳ ಕಥೆ ಹೇಳುತ್ತಾ ಪೋಷಕತ್ವದ ಬಗ್ಗೆ ನಾಲ್ಕು ಮಾತು ಆಡುತ್ತೇನೆ.

ಪೋಷಕತ್ವ ಅಂದರೆ ಫಾಸ್ಟರ್ ಕೇರ್. ಹೆತ್ತವರ ಹತ್ತಿರ ಇರಲಾಗದ ಮಗುವನ್ನು ಬೇರೊಂದು ಮನೆಯವರು ಸಾಕುವುದು. ಸಾಕುವುದು, ತಮ್ಮದಾಗಿಸಿಕೊಳ್ಳುವುದಲ್ಲ. ದತ್ತು ತೆಗೆದುಕೊಂಡರೆ ಮಗು ಕಾನೂನಿನ ಪ್ರಕಾರ ನಿಮ್ಮದೇ, ಆಸ್ತಿಯ ಹಕ್ಕೂ ಬರುತ್ತದೆ. ಪೋಷಕತ್ವದಲ್ಲಿ ಮಗುವಿಗೆ ತನ್ನ ಅಪ್ಪ ಅಮ್ಮ ಬೇರೆ ಕಡೆ ಇರಬಹುದು, ಅದು ನಾಳೆ ಅವರ ಹತ್ತಿರ ವಾಪಸ್ ಹೋಗಬಹುದು. ಈ ಒಂದು ವ್ಯತ್ಯಾಸ ಜನರಿಗೆ ತಲುಪಿಸುವುದಕ್ಕೇ ನನ್ನ ಅರ್ಧ ಆಯುಷ್ಯ ಹೋಯಿತು. ಕಚೇರಿಗೆ ಬರುವ ದಂಪತಿಗಳಲ್ಲಿ ಹೆಚ್ಚಿನವರು ಕೇಳುವುದು ತೊಟ್ಟಿಲಲ್ಲಿರುವ ಕೂಸನ್ನು. ಆದರೆ ಪೋಷಕತ್ವಕ್ಕೆ ಕೊಡುವುದು 6 ವರ್ಷ ದಾಟಿದ ಮಕ್ಕಳನ್ನು. ಮನೆಗಾಗಿ ಕಾಯುತ್ತಿರುವುದು 8 ವರ್ಷದವಳು, 11 ವರ್ಷದವನು, ತಮ್ಮನ ಕೈ ಬಿಡದ ಅಕ್ಕ. ಇವರಿಗೆ ನೆನಪುಗಳಿವೆ, ಸಿಟ್ಟಿದೆ, ತಮ್ಮದೇ ಊರಿನ ಮಾತಿದೆ.

ಇನ್ನೊಬ್ಬರ ಮಗುವಿಗೆ ಅನ್ನ ಹಾಕುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ವಾರಾನ್ನದ ಮಾತು ಹಿರಿಯರಿಗೆ ನೆನಪಿರಬೇಕು. ಬಡವರ ಮನೆಯ ಹುಡುಗ ಓದಲು ಪಟ್ಟಣಕ್ಕೆ ಬಂದರೆ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಹಾಗೆ ಉಂಡು ದೊಡ್ಡವರಾದವರು ಎಷ್ಟೋ ಜನ. ಆದರೆ ಏಳು ಮನೆಯಲ್ಲಿ ಉಂಡ ಹುಡುಗನಿಗೆ ಜ್ವರ ಬಂದ ದಿನ ತಲೆ ಸವರುವವರು ಯಾರು? ಪೋಷಕತ್ವ ಶುರುವಾಗುವುದು ಈ ಪ್ರಶ್ನೆಯಿಂದ.

ಎಲ್ಲಕ್ಕಿಂತ ಹಳೆಯದು ನೆಂಟರ ಮನೆ. ಅಜ್ಜಿ, ಸೋದರಮಾವ, ಚಿಕ್ಕಪ್ಪ ಸಾಕುವುದು. 2021ರ ಕೋವಿಡ್ ಎರಡನೇ ಅಲೆಯಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಮಕ್ಕಳನ್ನು ಹೊತ್ತುಕೊಂಡವರಲ್ಲಿ ಹೆಚ್ಚಿನವರು ಇಂಥವರೇ. ನಮ್ಮ ರಾಜ್ಯ ಸರ್ಕಾರ ಆಗ ಬಾಲಸೇವಾ ಯೋಜನೆ ತಂದು ಅಂಥ ಮಕ್ಕಳಿಗೆ ತಿಂಗಳಿಗೆ 3500 ರೂಪಾಯಿ ಕೊಡಲು ಮುಂದಾಯಿತು. ಮಗುವಿಗೆ ಗೊತ್ತಿರುವ ಮುಖ, ಗೊತ್ತಿರುವ ಸಾರಿನ ರುಚಿ. ಅದಕ್ಕಿಂತ ಒಳ್ಳೆಯದು ಇಲ್ಲ. ಕಷ್ಟ ಬೇರೆ ಕಡೆ ಇದೆ. ಅಜ್ಜಿಗೆ 70 ವರ್ಷ, ಕೈಗೆ ಬರುವುದು ಸಂಧ್ಯಾ ಸುರಕ್ಷಾ ಪಿಂಚಣಿ. ಮೊಮ್ಮಗ ಎಸ್ಸೆಸ್ಸೆಲ್ಸಿಗೆ ಬರುವಾಗ ತಾನಿರುತ್ತೇನೋ ಇಲ್ಲವೋ ಅನ್ನುವ ಚಿಂತೆ ಅವಳಿಗೆ ರಾತ್ರಿಯೆಲ್ಲ. ನೆಂಟರೆಲ್ಲ ಅಜ್ಜಿಯಂತೆ ಇರುವುದೂ ಇಲ್ಲ. ಸತ್ತವರ ಜಮೀನಿನ ಮೇಲೆ ಕಣ್ಣಿಟ್ಟು ಮಗುವನ್ನು ಕರೆದುಕೊಂಡು ಹೋದವರನ್ನು ನೋಡಿದ್ದೇನೆ. ಓದಿಸುತ್ತೇವೆ ಅಂತ ಕರೆದುಕೊಂಡು ಹೋಗಿ ಪಾತ್ರೆ ತಿಕ್ಕಿಸಿದವರನ್ನೂ ನೋಡಿದ್ದೇನೆ. ನೆಂಟರ ಮನೆ ತಾನೆ ಅಂತ ಯಾರೂ ಹೋಗಿ ವಿಚಾರಿಸುವುದಿಲ್ಲ. ಮಗುವಿಗೆ ಅದೇ ಮುಳುವಾಗುತ್ತದೆ.

ನೆಂಟರ ಆಸರೆಯಲ್ಲಿರುವ ಮಕ್ಕಳಿಗೆ ಪ್ರಾಯೋಜಕತ್ವ ಅನ್ನುವ ನೆರವು ಇದೆ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಒಂದು ಮಗುವಿಗೆ ತಿಂಗಳಿಗೆ 4000 ರೂಪಾಯಿ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಬಾರದು. ಪೋಷಕ ಕುಟುಂಬಕ್ಕೂ ಮಗುವಿನ ಲೆಕ್ಕದಲ್ಲಿ ತಿಂಗಳಿಗೆ ಅಷ್ಟೇ ಹಣ. ಕೇಳಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ನಿಮ್ಮ ಬೀದಿಯಲ್ಲಿ ಇಂಥ ಅಜ್ಜಿ ಒಬ್ಬರಿದ್ದರೆ ದಯವಿಟ್ಟು ಅವರಿಗೆ ಇದನ್ನು ತಿಳಿಸಿ. ಮಗುವಿಗೆ ತೊಂದರೆಯಾಗುತ್ತಿದೆ ಅಂತ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಈಗ ನಮ್ಮ ಹುಡುಗಿಯ ಹತ್ತಿರ ಬರೋಣ. ಅವಳಿಗೆ ಅಪ್ಪ ಇಲ್ಲ. ಅಮ್ಮನಿಗೆ ಬೆನ್ನುಮೂಳೆಯ ಟಿಬಿ. ಆಪರೇಷನ್ ಆಗಿತ್ತು, ತಿಂಗಳುಗಟ್ಟಲೆ ಮಲಗಿಯೇ ಇರಬೇಕಿತ್ತು. ನೋಡಿಕೊಳ್ಳುವ ನೆಂಟರಿಲ್ಲ. ಮಗು ಬಾಲಮಂದಿರಕ್ಕೆ ಬಂತು. ಅಲ್ಲಿಂದ ಮಕ್ಕಳ ಕಲ್ಯಾಣ ಸಮಿತಿ, ಅಂದರೆ ಇಂಥ ಮಕ್ಕಳು ಎಲ್ಲಿರಬೇಕು ಅಂತ ತೀರ್ಮಾನಿಸುವ ಸಮಿತಿ, ಅವಳನ್ನು ಒಂದು ತಾಲ್ಲೂಕು ಪಟ್ಟಣದ ಮನೆಗೆ ಕಳಿಸಿತು. ಗಂಡ, ಹೆಂಡತಿ, 12 ವರ್ಷದ ಮಗ. ಇದು ಅಲ್ಪಾವಧಿಯ ಪೋಷಕತ್ವ. ಹೆಚ್ಚೆಂದರೆ ಒಂದು ವರ್ಷ.

ಅವಳ ಮೊದಲ ಚಿಂತೆ ಊಟ, ಬಟ್ಟೆ ಯಾವುದೂ ಅಲ್ಲ. ನಾನು ಮೊದಲ ಸಲ ನೋಡಲು ಹೋದಾಗ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದಳು: "ಆಂಟೀ, ಇವರನ್ನ ಅಮ್ಮ ಅಂತ ಕರೀಲೇಬೇಕಾ?" ಆ ಕಣ್ಣಿನಲ್ಲಿದ್ದ ಭಯ ನಾನು ಮರೆತಿಲ್ಲ. ಅಮ್ಮ ಅಂತ ಇನ್ನೊಬ್ಬರನ್ನು ಕರೆದರೆ ಆಸ್ಪತ್ರೆಯಲ್ಲಿರುವ ಅಮ್ಮ ತನ್ನ ಕೈಬಿಟ್ಟು ಹೋಗುತ್ತಾಳೆ ಅಂತ ಅವಳ ಲೆಕ್ಕ. ಬೇಕಾಗಿಲ್ಲ ಕಂದ, ಏನಂತ ಕರೆಯಬೇಕು ಅನ್ನಿಸುತ್ತೆ ನಿಂಗೆ ಅಂದೆ. ಬಹಳ ಹೊತ್ತು ಯೋಚಿಸಿ ಕೇಳಿದಳು: "ದೊಡ್ಡಮ್ಮ ಅಂತ ಕರೀಲಾ?"

ಎಷ್ಟು ಚೆಂದದ ಮಾತು ನೋಡಿ. ಅದರಲ್ಲಿ ಅಮ್ಮ ಇದ್ದಾಳೆ, ಆದರೆ ಅಮ್ಮನ ಜಾಗವನ್ನು ಅದು ಕಿತ್ತುಕೊಳ್ಳುವುದಿಲ್ಲ. ದೊಡ್ಡಮ್ಮ, ಚಿಕ್ಕಮ್ಮ ಅನ್ನುವ ಮಾತುಗಳನ್ನು ಇಟ್ಟುಕೊಂಡಿರುವ ನಮಗೆ ಪೋಷಕತ್ವ ಅರ್ಥವಾಗುವುದು ಕಷ್ಟ ಆಗಬಾರದು ಅಂತ ಅವತ್ತು ಅನ್ನಿಸಿತು.

ಮೊದಲ ಒಂದು ತಿಂಗಳು ಮಗು ನೆಂಟರ ಮನೆಗೆ ಬಂದ ಹಾಗೆ ಇರುತ್ತದೆ. ಹೇಳಿದ ಮಾತು ಕೇಳುತ್ತದೆ. "ಎಷ್ಟು ಒಳ್ಳೆ ಮಗು ಮೇಡಂ" ಅನ್ನುತ್ತಾರೆ ಮನೆಯವರು. ನನಗೆ ಆಗಲೇ ಒಳಗೊಳಗೆ ದಿಗಿಲು. ಯಾಕೆಂದರೆ ಎರಡನೇ ತಿಂಗಳು ಬರುತ್ತದೆ. ಇವಳು ಆ ಮನೆಯ ಹುಡುಗನ ಜಾಮಿಟ್ರಿ ಬಾಕ್ಸ್ ಬಚ್ಚಲ ಹಂಡೆಗೆ ಹಾಕಿದಳು. ಸುಳ್ಳು ಹೇಳಿದಳು. "ನೀವೇನು ನನ್ನ ಅಮ್ಮನಾ?" ಅಂತ ಕಿರುಚಿದಳು. ಮಗು ಕೆಟ್ಟಿತು ಅಂತಲ್ಲ. ಇಷ್ಟಾದರೂ ನನ್ನನ್ನು ಇಟ್ಟುಕೊಳ್ಳುತ್ತೀರಾ ಅಂತ ಪರೀಕ್ಷೆ ಮಾಡುತ್ತಿರುತ್ತದೆ. ಎಷ್ಟೋ ಮನೆಗಳು ಸೋಲುವುದು ಇಲ್ಲೇ. ಕರೆದುಕೊಂಡು ಬಂದು ವಾಪಸ್ ಬಿಟ್ಟು ಹೋಗುತ್ತಾರೆ. ಆ ಮಗುವಿಗೆ ಎರಡನೇ ಸಲ ಮನೆ ಹೋಯಿತು. ಸುಮ್ನೆ ಅನುಕಂಪಕ್ಕೆ ಮಗುವನ್ನು ಕರೆದುಕೊಂಡು ಹೋಗಬೇಡಿ ಅಂತ ನಾನು ಕೈಮುಗಿದು ಹೇಳುವುದು ಇದಕ್ಕೇ.

ಆ ಮನೆಯ ದೊಡ್ಡಮ್ಮ ಸೋಲಲಿಲ್ಲ. ಬೈದರು, ಅತ್ತರು, ನನಗೆ ರಾತ್ರಿ ಹತ್ತಕ್ಕೆ ಫೋನ್ ಮಾಡಿದರು. ಆಮೇಲೆ ಒಂದಿನ ಅದೇ ದೊಡ್ಡಮ್ಮನ ದನಿ ಫೋನಿನಲ್ಲಿ ಕುಣಿಯುತ್ತಿತ್ತು. "ಮೇಡಂ, ಇವತ್ತು ಅವಳೇ ಡಬ್ಬ ತೆಗೆದು ಚಕ್ಕುಲಿ ತಿಂದಳು. ನನ್ನ ಕೇಳಲೇ ಇಲ್ಲ!" ಕೇಳದೆ ತಿಂದದ್ದಕ್ಕೆ ಖುಷಿ. ನನಗೂ ಕಣ್ಣು ತುಂಬಿತು.

ಮನೆಯೊಳಗಿನ ಕಷ್ಟ ಹೀಗೆ ಕರಗುತ್ತದೆ. ಹೊರಗಿನದು ಅಷ್ಟು ಬೇಗ ಕರಗುವುದಿಲ್ಲ. ಅಮ್ಮನಿಗೆ ಟಿಬಿ ಅಂತ ಗೊತ್ತಾದ ಮೇಲೆ ಪಕ್ಕದ ಮನೆಯವರು ತಮ್ಮ ಮಕ್ಕಳನ್ನು ಇವಳ ಜೊತೆ ಆಡಲು ಬಿಡಲಿಲ್ಲ. ಬೆನ್ನುಮೂಳೆಯಲ್ಲಷ್ಟೇ ಇರುವ ಟಿಬಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ ಅಂತ ಡಾಕ್ಟರು ಹೇಳಿದರೂ ಕೇಳಲಿಲ್ಲ. "ಯಾವ ಜಾತಿ?" ಅನ್ನುವ ಪ್ರಶ್ನೆ ಬಂತು. ಅದು ಬಾರದ ಬೀದಿಯನ್ನು ನಾನು ಕಂಡಿಲ್ಲ. ಶಾಲೆಯಲ್ಲಿ ಫಾರಂ ಕೊಟ್ಟು ತಂದೆಯ ಹೆಸರು ಬರೆಯಿರಿ ಅಂದರು. ಟಿಸಿ ಹಳೆಯ ಶಾಲೆಯಲ್ಲಿ, ಆಧಾರ್ ಹಳೆಯ ವಿಳಾಸದಲ್ಲಿ, ಜಾತಿ ಆದಾಯ ಪ್ರಮಾಣಪತ್ರ ಮಾಡಿಸಲು ಅಮ್ಮನ ಕಾಗದಪತ್ರ ಬೇಕು. ಸಮಿತಿಯ ಆದೇಶದ ಪ್ರತಿ ತೋರಿಸಿದರೂ ದೊಡ್ಡಪ್ಪ ನಾಲ್ಕು ಸಲ ಅಲೆದರು. ಹಣ ಎರಡು ಮೂರು ತಿಂಗಳು ತಡವಾಗಿ ಒಟ್ಟಿಗೆ ಬರುತ್ತಿತ್ತು. ಸಾಕುವ ಮನಸ್ಸು ಇರುವವರನ್ನು ಇಂಥ ಅಲೆದಾಟ ಹಿಂದೆ ಸರಿಯುವಂತೆ ಮಾಡುತ್ತದೆ.

ದೀರ್ಘಾವಧಿಯ ಪೋಷಕತ್ವದ ಮಾತೇ ಬೇರೆ. ಹೆತ್ತವರು ಇದ್ದಾರೆ, ಆದರೆ ವರ್ಷಾನುಗಟ್ಟಲೆ ನೋಡಲು ಬರುವುದಿಲ್ಲ. ಇಲ್ಲವೇ ಅವರ ಹತ್ತಿರ ಮಗು ಕ್ಷೇಮವಾಗಿರುವುದಿಲ್ಲ. ಅಂಥ ಮಗು 18 ತುಂಬುವವರೆಗೂ ಪೋಷಕ ಕುಟುಂಬದಲ್ಲೇ ಇರಬಹುದು. ಇಲ್ಲಿ ಮಗುವನ್ನು ಕೊರೆಯುವ ಪ್ರಶ್ನೆ, ನಾನು ಈ ಮನೆಯವನಾ, ಅಲ್ಲವಾ? ಮನೆಯ ಮದುವೆಯ ಫೋಟೋದಲ್ಲಿ ನಿಲ್ಲಬೇಕಾ, ಬೇಡವಾ? ಹದಿನಾರರ ಹುಡುಗನೊಬ್ಬ ನನಗೆ ಹೇಳಿದ್ದು, "ಎಲ್ಲಾ ಕೊಟ್ಟಿದಾರೆ ಮೇಡಂ, ಆದ್ರೆ ಜಗಳ ಆಡೋಕೆ ಭಯ." ಸ್ವಂತ ಮಕ್ಕಳು ಧೈರ್ಯವಾಗಿ ಜಗಳ ಆಡುತ್ತಾರೆ, ಅಲ್ವಾ?

2024ರಲ್ಲಿ ಕೇಂದ್ರ ಸರ್ಕಾರ ಪೋಷಕತ್ವದ ಮಾರ್ಗಸೂಚಿಯನ್ನು ಬದಲಾಯಿಸಿತು. ಮದುವೆಯಾಗದವರು, ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡವರು, ವಿಚ್ಛೇದನ ಆದವರು 35 ದಾಟಿದ್ದರೆ ಈಗ ಅವರೂ ಮಗುವನ್ನು ಸಾಕಲು ಮುಂದೆ ಬರಬಹುದು. ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ. ಮಗುವನ್ನು ದತ್ತು ಕೊಡಬಹುದು ಅಂತ ಕಾನೂನಿನ ಪ್ರಕಾರ ತೀರ್ಮಾನವಾಗಿದ್ದರೆ, ಸಾಕಿದವರೇ ದತ್ತು ಕೇಳಲು ಮೊದಲು 5 ವರ್ಷ ಕಾಯಬೇಕಿತ್ತು. ಈಗ 2 ವರ್ಷ ಸಾಕು. ಇದರಿಂದ ಆ ಹದಿನಾರರ ಹುಡುಗನಂಥ ಎಷ್ಟೋ ಮಕ್ಕಳ ಪ್ರಶ್ನೆಗೆ ಬೇಗ ಉತ್ತರ ಸಿಗಬಹುದು ಅಂತ ನನ್ನ ನಂಬಿಕೆ.

ಇನ್ನು ಗುಂಪು ಪೋಷಕತ್ವ. ಒಂದು ಮನೆ, ಒಬ್ಬ ತಾಯಿಯಂಥವರು, ಕೆಲವೇ ಮಕ್ಕಳು, ಒಂದೇ ಅಡುಗೆ. ಎಸ್‌ಒಎಸ್ ಮಕ್ಕಳ ಗ್ರಾಮಗಳು ನಡೆಯುವುದು ಇದೇ ಮಾದರಿಯಲ್ಲಿ, ಬೆಂಗಳೂರಿನಲ್ಲೂ ಒಂದಿದೆ. ಒಡಹುಟ್ಟಿದ ಮೂರು ನಾಲ್ಕು ಮಕ್ಕಳನ್ನು ಒಟ್ಟಿಗೆ ಇಡಲು ಇದು ಒಳ್ಳೆಯ ದಾರಿ. ಮೂವರನ್ನು ಒಂದೇ ಮನೆಯವರು ಕರೆದುಕೊಳ್ಳುವುದು ಅಪರೂಪ ನೋಡಿ. ಆದರೆ ಆ ತಾಯಿ ಕೆಲಸ ಬಿಟ್ಟು ಹೋದ ದಿನ ಎಲ್ಲ ಮಕ್ಕಳೂ ಒಟ್ಟಿಗೆ ಅನಾಥರಾಗುತ್ತಾರೆ. ದತ್ತು ಪೂರ್ವ ಪೋಷಕತ್ವ ಅಂತಲೂ ಒಂದಿದೆ. ದತ್ತು ಆದೇಶ ಬರುವ ಮೊದಲು ಮಗು ಹೊಸ ಅಪ್ಪ ಅಮ್ಮನ ಮನೆಯಲ್ಲಿ ಇರುವ ಅವಧಿ ಅದು.

ಒಂದು ಎಚ್ಚರಿಕೆಯ ಮಾತು. ಕೋವಿಡ್ ಸಮಯದಲ್ಲಿ "ಅಪ್ಪ ಅಮ್ಮ ತೀರಿಕೊಂಡಿದ್ದಾರೆ, ಎರಡು ಹಸುಗೂಸುಗಳಿವೆ, ಬೇಕಾದವರು ಈ ನಂಬರಿಗೆ ಕರೆಮಾಡಿ" ಅನ್ನುವಂಥ ವಾಟ್ಸ್ಯಾಪ್ ಸಂದೇಶಗಳು ಹರಿದಾಡಿದವು. ಕನಿಕರದಿಂದಲೇ ಎಷ್ಟೋ ಜನ ಅದನ್ನು ಮುಂದೆ ಕಳಿಸಿದರು. ಹಾಗೆ ಕೈಯಿಂದ ಕೈಗೆ ಮಗುವನ್ನು ದತ್ತು ಕೊಡುವುದು, ಪಡೆಯುವುದು ಅಪರಾಧ. ಆ ದಾರಿಯಲ್ಲಿ ಮಕ್ಕಳ ಸಾಗಣೆ ಮಾಡುವವರು ಕಾದಿರುತ್ತಾರೆ. ಸಮಿತಿಯ ಆದೇಶ, ಮನೆಗೆ ಬಂದು ನೋಡುವುದು, ತಿಂಗಳ ತಿಂಗಳ ಭೇಟಿ, ಇವೆಲ್ಲ ಕಿರಿಕಿರಿ ಅನ್ನಿಸಬಹುದು. ಪಾತ್ರೆ ತಿಕ್ಕುತ್ತಿದ್ದ ಆ ಮಗುವಿನ ಮನೆಗೆ ಯಾರಾದರೂ ತಿಂಗಳಿಗೊಮ್ಮೆ ಹೋಗಿದ್ದರೆ!

ನಮ್ಮ ಹುಡುಗಿ ದೊಡ್ಡಮ್ಮನ ಮನೆಯಲ್ಲಿ ಹತ್ತು ತಿಂಗಳು ಇದ್ದಳು. ಒಂದು ಭಾನುವಾರ ಬಿಟ್ಟು ಇನ್ನೊಂದು ಭಾನುವಾರ ಅಮ್ಮನನ್ನು ನೋಡಿ ಬರುತ್ತಿದ್ದಳು. ಬಂದ ರಾತ್ರಿ ಊಟ ಮಾಡುತ್ತಿರಲಿಲ್ಲ. ಕರೆದುಕೊಂಡು ಹೋಗುವುದೇ ಬೇಡ ಅನ್ನಿಸುತ್ತೆ ಮೇಡಂ ಅಂತ ದೊಡ್ಡಪ್ಪ ಒಮ್ಮೆ ಅಂದರು. ಬೇಡ ಅನ್ನಬೇಡಿ, ಅಳಲಿ ಅಂದೆ. ಆ ದಾರಿ ಮುಚ್ಚಿದರೆ ನಾವು ಮಾಡುತ್ತಿರುವುದು ಪೋಷಕತ್ವ ಆಗುವುದಿಲ್ಲ.

ಕಡೆಗೆ ಅಮ್ಮ ಎದ್ದು ಓಡಾಡುವ ಹಾಗಾದಳು. ಆದೇಶ ಆದ ದಿನ ಸಮಿತಿಯ ಕಚೇರಿಯ ಹೊರಗಿನ ಬೆಂಚಿನ ಮೇಲೆ ಇಬ್ಬರೂ ಹೆಂಗಸರು ಕೂತಿದ್ದರು. ಅಮ್ಮ ಸಂಕೋಚದಿಂದ ಕೇಳಿದಳು: "ಅಕ್ಕಾ, ಇವಳು ಈಗ ಹಾಲು ಕುಡೀತಾಳಾ?" ದೊಡ್ಡಮ್ಮ ಒಂದೊಂದಾಗಿ ಹೇಳಿದರು. ಹಾಲಿಗೆ ಸಕ್ಕರೆ ಬೇಡ. ಎಡಗಡೆ ಹಲ್ಲು ಅಲ್ಲಾಡ್ತಿದೆ. ಲೆಕ್ಕದಲ್ಲಿ ಭಾಗಾಕಾರ ಬರಲ್ಲ. ಲೈಟು ಆರಿಸಿದರೆ ಹೆದರುತ್ತಾಳೆ. ಅಮ್ಮ ಪರೀಕ್ಷೆಗೆ ಓದುವವರ ಹಾಗೆ ಕೇಳಿಸಿಕೊಂಡಳು. ಬಸ್ಸು ಹೋದ ಮೇಲೆ ದೊಡ್ಡಮ್ಮ ಆ ಬೆಂಚಿನಿಂದ ಏಳಲು ಅರ್ಧ ಗಂಟೆ ಹಿಡಿಯಿತು. ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳುವುದು ಬಿಟ್ಟು ನನಗೆ ಬೇರೇನೂ ತೋಚಲಿಲ್ಲ. ಸಾಕಿದವರ ದುಃಖಕ್ಕೆ ನಮ್ಮ ಯಾವ ಫಾರಂನಲ್ಲೂ ಜಾಗ ಇಲ್ಲ.

ಆ ಮನೆಗೆ ಬಂದಾಗ ಅವಳು ಎಷ್ಟೋ ವಾರ ತನ್ನ ಬ್ಯಾಗಿನಿಂದ ಬಟ್ಟೆ ತೆಗೆದು ಬೀರುವಿನಲ್ಲಿ ಇಟ್ಟಿರಲಿಲ್ಲ. ಹೋದ ಮರುದಿನ ದೊಡ್ಡಮ್ಮ ಬೀರು ತೆಗೆದರೆ ಹಳದಿ ಫ್ರಾಕ್ ಒಂದು ಮಡಿಸಿಟ್ಟ ಹಾಗೇ ಇತ್ತು. ಮರೆತಳೇನೋ ಅಂತ ಫೋನ್ ಮಾಡಿದರು. "ಮರೆತಿಲ್ಲ ದೊಡ್ಡಮ್ಮ, ದಸರಾ ರಜಕ್ಕೆ ಬಂದಾಗ ಹಾಕ್ಕೊಳ್ಳೋಕೆ ಬೇಕಲ್ಲ" ಅಂದಳಂತೆ.

ನಮಸ್ಕಾರ.