ಎದುರಂಗಡಿಗೂ ಹೇಳೋಣ

ಕೇಳುಗರಿಗೆ ನಮಸ್ಕಾರ.

ಪೇಟೆ ಬೀದಿಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡವನು ನಾನು. ಪ್ರತಿ ಮಂಗಳವಾರ ರಾತ್ರಿ ಶಟರ್ ಎಳೆದ ಮೇಲೆ ನಮ್ಮ ಬೀದಿಯ ಹತ್ತು ಹನ್ನೆರಡು ಅಂಗಡಿಯವರು ಒಂದು ಜಗಲಿಯಲ್ಲಿ ಕೂರುತ್ತೇವೆ. ಯಾವ ನಿಯಮ ಬದಲಾಯಿತು, ಯಾವ ಹೊಸ ಮಾಲು ಬಂತು, ಯಾವುದಕ್ಕೆ ಗಿರಾಕಿ ಜಾಸ್ತಿ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ.

ಇದು ಶುರುವಾದದ್ದು 2025ರ ಜುಲೈಯಲ್ಲಿ. ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಬರುತ್ತಿದೆ ಅನ್ನುವ ಸುದ್ದಿ ಊರೂರಿಗೂ ಹಬ್ಬಿತ್ತು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ 'ನಗದು ಮಾತ್ರ' ಎಂಬ ಚೀಟಿ ಅಂಟಿಸಿದ್ದರು. ನಮ್ಮ ಬೀದಿಯ ತರಕಾರಿ ಅಕ್ಕ ತಮ್ಮ ಕ್ಯೂಆರ್ ಕೋಡನ್ನು ಗೋಣಿಚೀಲದ ಕೆಳಗೆ ಬಚ್ಚಿಟ್ಟರು. ಗಿರಾಕಿ ಬಂದರೆ ಚಿಲ್ಲರೆ ಇಲ್ಲ. ಪಾಪ, ಎರಡು ದಿನ ಅರ್ಧ ವ್ಯಾಪಾರ ಹೋಯಿತು.

ಮೂಲೆಯ ಮೆಡಿಕಲ್ ಸ್ಟೋರಿನವರು ಲೆಕ್ಕ ಬರೆಯುವವರನ್ನು ಕೇಳಿಕೊಂಡು ಬಂದು ವಿಷಯ ಬಿಡಿಸಿ ಹೇಳಿದರು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಬರೀ ತರಕಾರಿ ಮಾರುವವರಿಗೆ ನೋಂದಣಿಯೂ ಬೇಡ. ತೆರಿಗೆ ಇರುವ ಸರಕು ಮಾರುವ ನಮ್ಮಂಥವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಬೇಕು, ಸೇವೆ ಕೊಡುವವರಿಗೆ 20 ಲಕ್ಷ. ಇಷ್ಟೇ ಮಾತು. ಮರುದಿನ ಬೆಳಿಗ್ಗೆ ಅಕ್ಕನ ಕ್ಯೂಆರ್ ಕೋಡ್ ಟೊಮೆಟೊ ಬುಟ್ಟಿಯ ಪಕ್ಕ ಮತ್ತೆ ನಿಂತಿತ್ತು.

ಆಮೇಲೆ ಸೆಪ್ಟೆಂಬರ್ 22 ಬಂತು. ನವರಾತ್ರಿಯ ಮೊದಲ ದಿನ. ಅಂದಿನಿಂದ ಸೋಪು, ಟೂತ್‌ಪೇಸ್ಟು, ಬಿಸ್ಕತ್ತಿನ ತೆರಿಗೆ 18ರಿಂದ 5 ಪರ್ಸೆಂಟಿಗೆ ಇಳಿಯಿತು. ತುಪ್ಪಕ್ಕೆ 12 ಇದ್ದದ್ದು 5 ಆಯಿತು. ಆದರೆ ಕಪಾಟಿನ ತುಂಬ ಇದ್ದದ್ದು ಹಳೇ ದರ ಅಚ್ಚಾದ ಮಾಲು. 50 ರೂಪಾಯಿ ಅಂತ ಬರೆದ ಸೋಪನ್ನು ಎಷ್ಟಕ್ಕೆ ಕೊಡಬೇಕು? ಆ 50ರಲ್ಲಿ ಹಳೇ ತೆರಿಗೆ ಸೇರಿದೆ, ಅಂದರೆ 100ರ ಮಾಲಿಗೆ 118; ಈಗ ಅದು 105. ಹಾಗಾಗಿ 50ನ್ನು 118ರಿಂದ ಭಾಗಿಸಿ, 105ರಿಂದ ಗುಣಿಸಬೇಕು. ಸುಮಾರು ನಲವತ್ತನಾಲ್ಕೂವರೆ ರೂಪಾಯಿ. ಈ ಲೆಕ್ಕ ನನ್ನ ಮಗಳು ಹಿಂದಿನ ಸಂಜೆಯೇ ಹಾಳೆಯಲ್ಲಿ ಬರೆದುಕೊಟ್ಟಿದ್ದಳು.

ನಿಜ ಹೇಳುತ್ತೇನೆ, ಆ ಹಾಳೆ ಹಿಡಿದು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಎದುರಿಗಿರುವುದೂ ದಿನಸಿ ಅಂಗಡಿಯೇ. ನಾನೊಬ್ಬನೇ ಕಡಿಮೆಗೆ ಕೊಟ್ಟರೆ ಹಬ್ಬದ ಗಿರಾಕಿಯೆಲ್ಲ ನನ್ನ ಕಡೆಗೇ ಬರುತ್ತಾರೆ, ಅಲ್ವಾ? ಆದರೆ ಹಾಗೆ ಮಾಡಿ ಮಂಗಳವಾರ ಅದೇ ಜಗಲಿಯಲ್ಲಿ ಅವರ ಪಕ್ಕ ಹೇಗೆ ಕೂರುವುದು? ರಸ್ತೆ ದಾಟಿ ಹೋಗಿ ಹಾಳೆ ಕೊಟ್ಟೆ. ರಾತ್ರಿ ಹನ್ನೊಂದರವರೆಗೆ ಇಬ್ಬರೂ ಕೂತು ಎರಡೂ ಅಂಗಡಿಯ ದರ ಬರೆದೆವು. ಬೆಳಿಗ್ಗೆ ಯಾರೂ ನಮ್ಮಲ್ಲಿ 'ಅಲ್ಲಿ ಕಮ್ಮಿ, ಇಲ್ಲಿ ಜಾಸ್ತಿ' ಅನ್ನಲಿಲ್ಲ.

ಈಗ ಹೊಸ ಸುದ್ದಿ ಏನೇ ಬಂದರೂ ಮೊದಲು ಫೋನ್ ಬರುವುದು ಎದುರಂಗಡಿಯಿಂದಲೇ. 'ಅಣ್ಣಾ, ಇದು ನೋಡಿದ್ರಾ?' ಅಂತ.

ನಮಸ್ಕಾರ.