ದೇವನಹಳ್ಳಿಯಿಂದ ಶಿವಮೊಗ್ಗಕ್ಕೆ ಎಷ್ಟು ಹೊತ್ತು?

ಕೇಳುಗರೆಲ್ಲರಿಗೂ ನಮಸ್ಕಾರ.

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಶಿವಮೊಗ್ಗದ ಸೋಗಾನೆ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 240 ಕಿಲೋಮೀಟರ್. ರೆಕ್ಕೆಯ ಮುಂದೆ ಪಂಖ ತಿರುಗುವ ಎಟಿಆರ್ ವಿಮಾನ ಗಂಟೆಗೆ ಹತ್ತಿರಹತ್ತಿರ 500 ಕಿಲೋಮೀಟರ್ ಹೋಗುತ್ತದೆ. ಹಾಗಾದರೆ ಅರ್ಧ ಗಂಟೆ ಸಾಕು, ಅಲ್ವಾ? ಆದರೆ 2023ರ ಆಗಸ್ಟ್‌ನಲ್ಲಿ ಶಿವಮೊಗ್ಗಕ್ಕೆ ವಿಮಾನ ಶುರುವಾದಾಗಿನಿಂದಲೂ ವೇಳಾಪಟ್ಟಿಯಲ್ಲಿ ಒಂದು ಗಂಟೆ ದಾಟಿಯೇ ಇದೆ. ಸುಮ್ನೆ ಜಾಸ್ತಿ ಬರೆದಿದ್ದಾರೆ ಅನ್ನುವವರಿದ್ದಾರೆ. ತಡವಾದೀತು ಅಂತ ಒಂದಿಷ್ಟು ನಿಮಿಷ ಸೇರಿಸುವುದು ನಿಜ. ಆದರೆ ಅಷ್ಟೇ ಅಲ್ಲ.

ಟಿಕೆಟ್‌ನಲ್ಲಿರುವುದು ಗಾಳಿಯಲ್ಲಿ ಹಾರುವ ಹೊತ್ತು ಮಾತ್ರ ಅಲ್ಲ. ವಿಮಾನ ನಿಂತ ಜಾಗದಿಂದ ಕದಲಿದಾಗ ಲೆಕ್ಕ ಶುರು. ಆ ಕಡೆ ಹೋಗಿ ನಿಂತಾಗ ಮುಗಿಯಿತು. ದೇವನಹಳ್ಳಿಯಲ್ಲಿ ರನ್‌ವೇ ತನಕ ನೆಲದ ಮೇಲೆ ಉರುಳಿಕೊಂಡು ಹೋಗಬೇಕು, ಮುಂದಿರುವ ವಿಮಾನಗಳು ಏರುವ ತನಕ ಕಾಯಬೇಕು. ಮೇಲೇರುವಾಗ, ಕೆಳಗಿಳಿಯುವಾಗ ಪೂರ್ತಿ ವೇಗವೂ ಇರುವುದಿಲ್ಲ.

ಇನ್ನು ಗಾಳಿಯ ವಿಚಾರ. ವಿಮಾನ ಸಾಮಾನ್ಯವಾಗಿ ಎದುರುಗಾಳಿಗೆ ಮುಖ ಮಾಡಿಯೇ ಏರುತ್ತದೆ. ದೇವನಹಳ್ಳಿಯ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ಮುಂಗಾರಿನಲ್ಲಿ ಪಡುವಣ ಗಾಳಿ, ಹಾಗಾಗಿ ಪಶ್ಚಿಮಕ್ಕೇ ಏರಿ ಶಿವಮೊಗ್ಗದ ದಾರಿ ಹಿಡಿಯುತ್ತದೆ. ಚಳಿಗಾಲದಲ್ಲಿ ಮೂಡಣ ಗಾಳಿ ಬೀಸಿದರೆ ಮೊದಲು ಪೂರ್ವಕ್ಕೆ, ಸೂಲಿಬೆಲೆ ಕಡೆಗೆ ಏರಿ, ಆಮೇಲೆ ಹಿಂದಕ್ಕೆ ತಿರುಗಬೇಕು. ಆಕಾಶ ತಿಳಿಯಾಗಿರುವ ದಿನ ನಂದಿಬೆಟ್ಟದ ದಕ್ಷಿಣದ ಅಂಚಿಗೆ ಹೋಗಿ ನಿಂತು ನೋಡಿ. ಒಂದೊಂದೇ ವಿಮಾನ ಎದ್ದು, ಬಾಗಿ, ತನ್ನ ಊರಿನ ದಿಕ್ಕಿಗೆ ತಿರುಗುವುದು ಕಾಣುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಲೇಬೇಕಾದ ನೋಟ ಅದು.

ಹೋಲಿಸಿ ನೋಡಲು ಬೆಳಗಾವಿಯನ್ನು ತೆಗೆದುಕೊಳ್ಳಿ. ದೇವನಹಳ್ಳಿಯಿಂದ ಅಲ್ಲಿಗೆ ನೇರ ದೂರ ಸುಮಾರು 445 ಕಿಲೋಮೀಟರ್. ಶಿವಮೊಗ್ಗದ ಹತ್ತಿರಹತ್ತಿರ ಎರಡರಷ್ಟು. ಆದರೆ ಹಾರಾಟಕ್ಕೆ ಅರ್ಧ ಗಂಟೆಯೂ ಹೆಚ್ಚು ಬೇಕಿಲ್ಲ. ನೆಲದ ಮೇಲಿನ ಓಡಾಟ, ಏರುವುದು, ಇಳಿಯುವುದು ಎರಡು ಊರಿಗೂ ಒಂದೇ. ಹೆಚ್ಚಾಗುವುದು ಮಧ್ಯದ ಓಟ ಮಾತ್ರ. ದೂರ ಹೋದಷ್ಟೂ ವಿಮಾನ ಗಿಟ್ಟುತ್ತದೆ ಅನ್ನುವುದು ಇದಕ್ಕೇ.

ಈಗ ನಮ್ಮ ಚಿಕ್ಕಬಳ್ಳಾಪುರದ ಮನೆಯಿಂದ ಶಿವಮೊಗ್ಗಕ್ಕೆ ಲೆಕ್ಕ ಹಾಕೋಣ. ಹೆದ್ದಾರಿಯಲ್ಲಿ ನಿಲ್ದಾಣಕ್ಕೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಬೆಂಗಳೂರಿನ ದಕ್ಷಿಣದ ಬಡಾವಣೆಯವರಿಗೆ ಇಲ್ಲದ ಅನುಕೂಲ ನಮಗಿದೆ. ಚೆಕ್-ಇನ್, ತಪಾಸಣೆ, ಕಾಯುವುದು ಸೇರಿ ಒಂದೂವರೆ ಗಂಟೆ. ಹಾರಾಟ, ಆಮೇಲೆ ಸೋಗಾನೆಯಿಂದ ಪೇಟೆಗೆ ಆಟೋ ಅಥವಾ ಕಾರು. ಒಟ್ಟು ನಾಲ್ಕು ಗಂಟೆ ದಾಟುತ್ತದೆ. ದೊಡ್ಡಬಳ್ಳಾಪುರ, ದಾಬಸ್‌ಪೇಟೆ, ತುಮಕೂರು, ತಿಪಟೂರು, ಅರಸೀಕೆರೆ ಮೇಲೆ ಕಾರಿನಲ್ಲಿ ಹೋದರೆ ಆರು ಗಂಟೆ ಆಸುಪಾಸು. ಮನೆಮಂದಿಯೆಲ್ಲ ಹೊರಟಿದ್ದರೆ ನಾನಂತೂ ಕಾರನ್ನೇ ಹೇಳುತ್ತೇನೆ. ವಯಸ್ಸಾದವರು, ಬೆನ್ನುನೋವಿನವರು ಇದ್ದರೆ ಮಾತು ಬೇರೆ. ಬೆಳಗಾವಿಗಾದರೆ ಯೋಚನೆಯೇ ಬೇಡ. ಇಡೀ ರಾತ್ರಿಯ ಬಸ್ ಪ್ರಯಾಣ ತಪ್ಪುತ್ತದೆ, ಬೆಳಿಗ್ಗೆ ಹೋದವರು ಮಧ್ಯಾಹ್ನದೊಳಗೆ ಕೆಲಸಕ್ಕೆ ಕೂರಬಹುದು.

ಟಿಕೆಟ್ ಕೊಳ್ಳುವ ಮುಂಚೆ ಇನ್ನೊಂದು ಮಾತು. ಡಿಸೆಂಬರ್, ಜನವರಿಯ ಬೆಳಗಿನ ಜಾವ ದೇವನಹಳ್ಳಿಯ ಸುತ್ತ ಮಂಜು ಕವಿಯುವುದು ನಿಮಗೆ ಗೊತ್ತೇ ಇದೆ. ಅಂಥ ದಿನ ವಿಮಾನಗಳು ತಡವಾಗುತ್ತವೆ. ಪರೀಕ್ಷೆ, ಕೋರ್ಟು, ಸಂದರ್ಶನ ಇದ್ದರೆ ಆ ದಿನದ ಮೊದಲ ವಿಮಾನ ನೆಚ್ಚಿಕೊಳ್ಳಬೇಡಿ. ಹಿಂದಿನ ದಿನ ಸಂಜೆಯೇ ಹೊರಟುಬಿಡಿ.

ನಮಸ್ಕಾರ.