ಮಾರ್ಗ್ರಾಟೆನ್‌ನ ಅಜ್ಜಿ ನೋಡಿಕೊಳ್ಳುವ ಸಮಾಧಿ

ನೀವು ನೋಡುತ್ತಿರುವ ಈ ಬಿಳಿ ಅಮೃತಶಿಲೆಯ ಸಾಲುಗಳು ನೆದರ್ಲೆಂಡ್ಸ್‌ನ ದಕ್ಷಿಣ ತುದಿಯಲ್ಲಿವೆ. ಐಂಡ್‌ಹೋವನ್‌ನಿಂದ ಮಾಸ್ಟ್ರಿಖ್ಟ್‌ಗೆ ರೈಲು, ಅಲ್ಲಿಂದ ಬಸ್ಸು. ಊರಿನ ಹೆಸರು ಮಾರ್ಗ್ರಾಟೆನ್. ಎರಡನೇ ಮಹಾಯುದ್ಧದಲ್ಲಿ ಮಡಿದ 8,000ಕ್ಕೂ ಹೆಚ್ಚು ಅಮೆರಿಕನ್ನರು ಇಲ್ಲಿ ಮಲಗಿದ್ದಾರೆ. ದೇಹ ಸಿಗದೇ ಹೋದ 1,722 ಜನರ ಹೆಸರುಗಳು ಗೋಡೆಯ ಮೇಲಿವೆ. ಸಮಾಧಿಯ ಕಲ್ಲಿನ ಮೇಲೆ ಹೆಸರು, ಹುದ್ದೆ, ದಳ, ರಾಜ್ಯ, ಸತ್ತ ದಿನ ಇಷ್ಟೇ. ಹುಟ್ಟಿದ ದಿನ ಇಲ್ಲ. ಅದು ನನ್ನನ್ನು ಬಹಳ ಕಾಡಿತು.

ಈ ಹಳದಿ ಹೂಗಳನ್ನು ಇಟ್ಟವರು ಒಬ್ಬ ಅಜ್ಜಿ. ಮುಖ ತೋರಿಸುವುದು ಬೇಡ ಎಂದರು, ಹಾಗಾಗಿ ಹೂಗಳನ್ನಷ್ಟೇ ತೋರಿಸುತ್ತಿದ್ದೇನೆ. ಅವರ ಡಚ್ ಮಾತನ್ನು ಮೊಮ್ಮಗಳು ನನಗೆ ಇಂಗ್ಲಿಷಿನಲ್ಲಿ ಹೇಳಿದಳು.

1944ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೇನೆ ಈ ಸೀಮೆಗೆ ಕಾಲಿಟ್ಟಿತು. 14ರಂದು ಮಾಸ್ಟ್ರಿಖ್ಟ್ ಜರ್ಮನ್ನರ ಹಿಡಿತದಿಂದ ಬಿಡುಗಡೆಯಾಯಿತು. ಆಗ ಅಜ್ಜಿಗೆ 7 ವರ್ಷ. ಬಿಡುಗಡೆ ಎಂದರೆ ನಿಮಗೆ ಏನು ನೆನಪಾಗುತ್ತದೆ ಎಂದು ಕೇಳಿದೆ. ಬಾವುಟ, ಕುಣಿತ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ರಸ್ತೆಯತ್ತ ಕೈ ತೋರಿಸಿದರು. "ಲಾರಿಗಳು" ಎಂದರು.

1940ರಲ್ಲಿ ಜರ್ಮನ್ನರು ಬಂದದ್ದೂ ಇದೇ ರಸ್ತೆಯಲ್ಲಿ. ಬಿಡುಗಡೆಯಾದ ಮೇಲೆ, ಗಡಿಯಾಚೆ ಜರ್ಮನಿಯಲ್ಲಿ ಯುದ್ಧ ನಡೆಯುತ್ತಲೇ ಇತ್ತು. ಅಲ್ಲಿಂದ ಹೆಣ ತುಂಬಿದ ಲಾರಿಗಳು ದಿನವೂ ಇಲ್ಲಿಗೆ ಬರುತ್ತಿದ್ದವು. ಅಮ್ಮ ಕಿಟಕಿ ಮುಚ್ಚಿದರೂ ವಾಸನೆ ಒಳಗೆ ಬರುತ್ತಿತ್ತಂತೆ. ಮಳೆ, ಕೆಸರು. ಅದರಲ್ಲಿ ನಿಂತು ಗುಂಡಿ ತೋಡಿದವರಲ್ಲಿ ಬಹಳಷ್ಟು ಮಂದಿ ಅಮೆರಿಕದ ಕಪ್ಪು ಸೈನಿಕರು. ತಮ್ಮ ದೇಶದ ಸೇನೆಯಲ್ಲೇ ಪ್ರತ್ಯೇಕ ದಳಗಳಲ್ಲಿ ಇಡಲ್ಪಟ್ಟವರು. ಅವರಲ್ಲಿ ಒಬ್ಬರು, ಜೆಫರ್ಸನ್ ವಿಗಿನ್ಸ್, ಆಗ 19ರ ಹರೆಯದವರು. ಈ ಮಣ್ಣನ್ನು ನೋಡುವಾಗ ಅವರ ಹೆಸರನ್ನೂ ಹೇಳಲೇಬೇಕು ಅನ್ನಿಸಿತು.

1945ರಿಂದಲೇ ಊರಿನವರು ಒಂದೊಂದು ಸಮಾಧಿಯನ್ನು ನೋಡಿಕೊಳ್ಳುವ ಹೊಣೆ ಹೊತ್ತು ತಮ್ಮದಾಗಿಸಿಕೊಂಡರು. ಇಂದು ದಿಕ್ಕಿಲ್ಲದ ಸಮಾಧಿ ಒಂದೂ ಇಲ್ಲ. ಹೊಸದಾಗಿ ಕೇಳುವವರು ಹೆಸರು ಬರೆಸಿ ಕಾಯಬೇಕು. ಅಜ್ಜಿಗೆ ಇದು ತಾಯಿಯಿಂದ ಬಂದದ್ದು, ಮುಂದೆ ಮೊಮ್ಮಗಳಿಗೆ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ತರ್ಪಣ ಬಿಡುವಾಗ, ಯಾರೂ ಇಲ್ಲದವರಿಗೆಂದು ಕೊನೆಯಲ್ಲಿ ಒಂದು ಬೊಗಸೆ ನೀರು ಬಿಡುತ್ತಿದ್ದ ನನ್ನ ತಾತ ಅಲ್ಲಿ ನೆನಪಾದರು. ಅಜ್ಜಿಗೆ ಅದನ್ನು ಹೇಳಿದೆ. ಅವರು ಬಹಳ ಹೊತ್ತು ತಲೆಯಾಡಿಸಿದರು.

ಹುಟ್ಟಿದ ದಿನ ಏಕಿಲ್ಲ ಎಂದು ಕೇಳಿದೆ. "ಕಲ್ಲಿನ ಮೇಲೆ ಇಲ್ಲ, ನಮ್ಮ ಹತ್ತಿರ ಇದೆ" ಎಂದರು. ಅಜ್ಜಿ ನೋಡಿಕೊಳ್ಳುವ ಸಮಾಧಿಯಲ್ಲಿರುವ ಸೈನಿಕನ ತಾಯಿ ಹಿಂದೆ ಇವರ ತಾಯಿಗೆ ಬರೆದ ಪತ್ರದಲ್ಲಿ ಅದು ಇತ್ತಂತೆ. ನವೆಂಬರ್‌ನಲ್ಲಿ ಅವನ ಹುಟ್ಟುಹಬ್ಬ. ಅಂದು ಅಡುಗೆಮನೆಯ ಮೇಜಿನ ಮೇಲೆ ಅವನ ಫೋಟೋ ಇಟ್ಟು, ಸೇಬಿನ ಕೇಕ್ ಮಾಡುತ್ತಾರೆ.

"ನೀನೂ ಬಾ ಮಗೂ" ಎಂದು ಕರೆದಿದ್ದಾರೆ. ರಜೆ ಹಾಕಿದ್ದೇನೆ.